ಮೂರು ಹೂವಿನ ಕೌದಿ

ಕೌದಿಗೆ ನಾಲ್ಕು ಮೂಲೆ, ನಾಲ್ಕು ಮೂಲೆಗೂ ಒಂದೊಂದು ಹೂ. ಬಣ್ಣದ ಬಟ್ಟೆಯ ಚೌಕವನ್ನು ಮಡಚಿ ಮಡಚಿ ಮುಮ್ಮೂಲೆ ಮಾಡಿ, ಅಂಚಿನಿಂದ ಹೊರಕ್ಕೆ ಚಾಚುವಂತೆ ಹೊಲಿದ ತುಂಡಿಗೆ ನಾವು ಹೂ ಎನ್ನುತ್ತೇವೆ. ಅದಿಲ್ಲದ ಕೌದಿಯನ್ನು ನಮ್ಮ ಹೆಂಗಸರು ಬೆತ್ತಲೆ ಎಂದು ಕರೆಯುತ್ತಾರೆ. ನನ್ನ ಮಗುವಿನ ಕೌದಿಯಲ್ಲಿ ಮೂರೇ ಹೂ ಇದ್ದವು. ನಾಲ್ಕನೆಯ ಮೂಲೆ ಬೋಳು. ಆ ಬೋಳು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುವುದು ನನಗೆ ಎಂದಿನಿಂದಲೋ ಅಂಟಿದ ಚಾಳಿ. ದುಡಿದು ಬಂದು ಕಾಲು ಚಾಚಿ ಕೂತರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಪಾಸ್ಕು ಹುಟ್ಟಿದ್ದು ಈಸ್ಟರ್ ಹಬ್ಬದ ವಾರ, ಹೆಸರು ಬಂದದ್ದೂ ಅದರಿಂದಲೇ. ನನ್ನ ಅತ್ತೆ ಆನ್ಮರಿಯೇ ಹೆರಿಗೆ ಮಾಡಿಸಿದ್ದು. ನಮ್ಮ ಸಿದ್ದಿ ಕೇರಿಯಲ್ಲಿ ಎಲ್ಲರೂ ಅವಳನ್ನು ಮಾಂಯ್ ಎನ್ನುತ್ತಿದ್ದರು. ಮಗುವನ್ನು ಕೈಗೆತ್ತಿಕೊಂಡವಳು ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು, ಬೆಳಕಿನ ಕಡೆ ತಿರುಗಿಸಿ ಮತ್ತೂ ಒಮ್ಮೆ ನೋಡಿದಳು.

"ಎಂತ ಮಗು, ಮಾಂಯ್?" ಎಂದು ಕೇಳಿದೆ.

"ನಿನ್ನ ಮಗು," ಎಂದಳು.

"ಗಂಡಾ, ಹೆಣ್ಣಾ?"

"ಮೂರು ಹೂವಿನದು," ಎಂದು ಮಗುವನ್ನು ನನ್ನ ಎದೆಗೆ ಒತ್ತಿದಳು. "ಹಾಲು ಕೊಡು. ಹಸಿವಿಗೆ ಅದೆಲ್ಲ ಗೊತ್ತಿರೋದಿಲ್ಲ."

ಬಾಣಂತನ ಮುಗಿಯುವುದರೊಳಗೆ ಅವಳು ಆ ಕೌದಿ ಹೊಲಿದಳು. ನಮ್ಮಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಡುವನ್ನು ಹೊಟ್ಟೆ ಎನ್ನುತ್ತೇವೆ. ಮುಚ್ಚುವ ಮೊದಲು ನಾಲ್ಕು ಕಾಳು ಅಕ್ಕಿ ಹಾಕುತ್ತೇವೆ, ಹೊದೆಯುವವರು ಹಸಿದಿರಬಾರದು ಎಂದು. ಹೊಲಿಯುತ್ತಲೇ ಅವಳು ತನ್ನ ಅಜ್ಜಿಯಿಂದ ಕೇಳಿದ ಮಾತನ್ನು ನನಗೆ ಹೇಳಿದಳು. ನಮ್ಮವರನ್ನು ಸಮುದ್ರದಾಚೆಯಿಂದ ಹಡಗಿನಲ್ಲಿ ತುಂಬಿ ತಂದ ಕಾಲದಲ್ಲಿ ದಡಕ್ಕಿಳಿಸಿ, ಗಂಡಸರು ಆ ಕಡೆ, ಹೆಂಗಸರು ಈ ಕಡೆ ಎಂದು ನಿಲ್ಲಿಸಿದರಂತೆ. ಒಬ್ಬರು ಮಾತ್ರ ನಡುವೆ ನಿಂತರಂತೆ. ಮಾರುವವನು ಬಟ್ಟೆ ಕಿತ್ತು ನೋಡಿದ. ಕೊಳ್ಳುವವನೂ ನೋಡಿದ. ಆಮೇಲೆ ನೋಡಲೆಂದೇ ಜನ ಬಂದರು. ಅವರಿಗೆ ಹೊದಿಸಲು ನಮ್ಮ ಹೆಂಗಸರು ಹರಿದ ಹಾಯಿಯ ಚೂರುಗಳನ್ನು ಕೂಡಿಸಿ ಕೌದಿ ಮಾಡಿದರಂತೆ. ಮೂರು ಮೂಲೆಗೆ ಹೂ ಹೊಲಿದು ನಾಲ್ಕನೆಯದನ್ನು ಅವರ ಕೈಗೇ ಬಿಟ್ಟರಂತೆ.

ಅಂದಿನಿಂದ ಅದು ನಮ್ಮೊಳಗಿನ ಗುರುತು. ಮೂರು ಹೂವಿನ ಕೌದಿ ಬೇಲಿಯ ಮೇಲೆ ಒಣಗುತ್ತಿದ್ದರೆ ಆ ಮನೆಯ ಮಗುವಿಗೆ ಹಳ್ಳದಲ್ಲಿ ಬಟ್ಟೆ ಬಿಚ್ಚಿಸಿ ಮೀಯಿಸುವ ಹಾಗಿಲ್ಲ. ಮದುವೆಯ ಮಾತು ತೆಗೆಯುವ ಹಾಗಿಲ್ಲ. ಏನು ಎತ್ತ ಎಂದು ಕೇಳುವ ಹಾಗಿಲ್ಲ. ನಾಲ್ಕನೆಯ ಹೂವನ್ನು ಮಗು ದೊಡ್ಡದಾದ ಮೇಲೆ ತನಗೆ ಬೇಕೆನಿಸಿದಾಗ ತನಗೆ ಬೇಕಾದ ಬಣ್ಣದಲ್ಲಿ ತಾನೇ ಹೊಲಿದುಕೊಳ್ಳಬೇಕು. ಬೇಡವೆನಿಸಿದರೆ ಬಿಡಬೇಕು. ಹೊರಗಿನವರಿಗಂತೂ ಇದನ್ನು ಹೇಳುವ ಹಾಗೇ ಇಲ್ಲ.

ನಾನು ಹೇಳಿದೆ.

ಆಗ ಪಾಸ್ಕುವಿಗೆ ಹದಿಮೂರು. ನನ್ನ ಗಂಡ ಇನಾಸ್ ಮರದ ಲಾರಿಯ ಜೊತೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮಾಂಯ್ ಕಾಡಂಚಿನ ಕೇರಿಯಲ್ಲೇ ಇದ್ದಳು. ಮಗುವಿನ ಓದಿಗೆಂದು ನಾನು ಪೇಟೆಯಲ್ಲಿ ಒಂದು ಕೋಣೆ ಹಿಡಿದು, ದೊಡ್ಡಾಸ್ಪತ್ರೆಯ ಬಟ್ಟೆಮನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ವಾರ್ಡಿನ ಚಾದರ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಡಾಕ್ಟರರ ಕೋಟು, ಎಲ್ಲವನ್ನೂ ಕುದಿಸಿ ಒಗೆಯುವುದು. ಹೊಸ ಚಾದರ ಬಂದರೆ ಮೂಲೆಯಲ್ಲಿ ಅಳಿಯದ ಶಾಯಿಯಿಂದ ನಂಬರು ಬರೆಯುವುದು. ನಾನು ಕನ್ನಡದ ಅಂಕಿ ಬರೆಯುತ್ತಿದ್ದೆ. ನನ್ನ ನಾಲ್ಕರ ಬಾಲ ಉದ್ದ, ಹಲ್ಲಿಯ ಬಾಲದಂತೆ. ಸಿಸ್ಟರ್ ತೆಕ್ಲಾ ಅದನ್ನು ನೋಡಿ ನಗುತ್ತಿದ್ದರು: "ನಿನ್ನ ನಾಲ್ಕು ಮಂಚದಿಂದ ಇಳಿದು ಓಡಿಹೋಗುತ್ತೆ ಮಾರಾಯ್ತಿ!"

ಓಡುವುದೆಂದರೆ ಪಾಸ್ಕು. ಶಾಲೆಗೆ ಸೇರಿಸುವಾಗ ನಾನು ಹೆಣ್ಣು ಎಂದು ಬರೆಸಿದ್ದೆ. ಚರ್ಚಿನಲ್ಲಿ ಯಾರೋ ಕೊಟ್ಟ ಫ್ರಾಕು ಅಳತೆಗೆ ಸರಿಯಾಗಿತ್ತು, ಅಷ್ಟೇ ಕಾರಣ. ಆ ಫ್ರಾಕಿನಲ್ಲೇ ಅದು ಇಡೀ ಪೇಟೆಯ ಮಕ್ಕಳನ್ನು ಹಿಂದೆ ಹಾಕಿ ಓಡಿತು. ಓಟದ ಹಾಸ್ಟೆಲ್ಲಿನವರು ಬಂದು ನೋಡಿ, ಹೆಣ್ಣುಮಕ್ಕಳ ತಂಡಕ್ಕೆ ಆರಿಸಿದರು. ಊಟ, ಓದು, ಬೂಟು ಎಲ್ಲ ಅವರದೇ. ಡಾಕ್ಟರರ ಸರ್ಟಿಫಿಕೇಟ್ ಒಂದು ತಂದರೆ ಸಾಕು ಎಂದರು.

ಪೇಟೆಯ ಮಾತಿಗೊಂದು ಬಾಲವಿದೆ. ಬಂದಳು ಎನ್ನಬೇಕು, ಇಲ್ಲವೇ ಬಂದನು ಎನ್ನಬೇಕು. ನಮ್ಮ ಕೇರಿಯ ಮಾತಿಗೆ ಆ ತೊಂದರೆಯಿಲ್ಲ. ಪಾಸ್ಕು ಬಂತು, ಉಂಡಿತು, ಮಲಗಿತು. ಮಾಂಯ್ ಹಾಗೇ ಅನ್ನುತ್ತಿದ್ದಳು. ನಾನೂ ಹಾಗೇ ಬರೆಯುತ್ತೇನೆ.

ದೊಡ್ಡ ಡಾಕ್ಟರು ಪಾಸ್ಕುವನ್ನು ಒಳಗೆ ಕರೆದು ಬಹಳ ಹೊತ್ತು ನೋಡಿದರು. ನನ್ನನ್ನು ಒಳಗೆ ಕರೆದಾಗ ಪಾಸ್ಕು ಗೋಡೆಯ ಕಡೆ ಮುಖ ಮಾಡಿ ಫ್ರಾಕಿನ ಗುಂಡಿ ಹಾಕಿಕೊಳ್ಳುತ್ತಿತ್ತು. ಡಾಕ್ಟರು ನನಗೆ ಕುರ್ಚಿ ತೋರಿಸಿದರು. ಏಳು ವರ್ಷದಲ್ಲಿ ಆ ಆಸ್ಪತ್ರೆಯ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು.

"ನೋಡಮ್ಮ, ಹೆದರುವಂಥದ್ದೇನಿಲ್ಲ. ತೊಡೆಸಂದಿಯಲ್ಲಿ ಎರಡು ಸಣ್ಣ ಗಂಟುಗಳಿವೆ. ಹರ್ನಿಯಾ. ಬುಧವಾರ ತೆಗೆದುಬಿಡ್ತೀನಿ. ಆಮೇಲೆ ಸರ್ಟಿಫಿಕೇಟ್, ಹಾಸ್ಟೆಲ್, ಎಲ್ಲ ಸಲೀಸು."

"ಪಾಸ್ಕುವಿಗೆ ನೋವೇನೂ ಇಲ್ಲವಲ್ಲ, ಸಾರ್?"

"ಇವತ್ತಿಲ್ಲ. ನಾಳೆ ಬರುತ್ತೆ." ಹಾಗೆಂದು ಅವರು ನಕ್ಕರು. "ನಿನ್ನ ಮಗಳು ಚೆನ್ನಾಗಿ ಓಡ್ತಾಳಂತೆ. ನಿಮ್ಮ ಜನರ ಮೈಯೇ ಹಾಗೆ. ವಾರ್ಡಿನಲ್ಲಿ ನಿಮ್ಮವರು ನಾಲ್ಕು ಜನ ಇದ್ದರೆ ಯಾರು ಯಾರು ಅಂತ ನನಗೆ ಗೊತ್ತೇ ಆಗೋದಿಲ್ಲ ನೋಡು, ಎಲ್ಲಾ ಒಂದೇ ಥರ!"

ನಾನೂ ನಕ್ಕೆ. ದೊಡ್ಡವರು ನಕ್ಕಾಗ ನಗುವುದು ಅಭ್ಯಾಸವಾಗಿತ್ತು. ಕಾಗದದ ಮೇಲೆ ಅವರು ತೋರಿಸಿದ ಕಡೆ ಸಹಿ ಹಾಕಿದೆ.

ಭಾನುವಾರ ಪಾಸ್ಕುವನ್ನು ವಾರ್ಡಿಗೆ ಸೇರಿಸಿದೆ. ಆಸ್ಪತ್ರೆಯ ಹೊದಿಕೆ ಚುಚ್ಚುತ್ತದೆ ಎಂದು ಅದು ತನ್ನ ಕೌದಿ ತರಿಸಿಕೊಂಡಿತು. ಸೋಮವಾರದ ರೌಂಡ್ಸಿನಲ್ಲಿ ಡಾಕ್ಟರರ ಕಣ್ಣು ಕೌದಿಯ ಮೇಲೆ ಬಿತ್ತು. ಅವರು ಒಂದೊಂದೇ ಮೂಲೆ ಎತ್ತಿ ನೋಡಿದರು.

"ಇದೊಂದು ಮೂಲೆ ಮರೆತುಹೋಯ್ತಾ?"

"ಮರೆತದ್ದಲ್ಲ, ಸಾರ್," ಎಂದೆ. ಅಷ್ಟರಲ್ಲಿ ನಿಲ್ಲಿಸಬಹುದಿತ್ತು.

ಮಧ್ಯಾಹ್ನ ಅವರು ನನ್ನನ್ನು ಕೋಣೆಗೆ ಕರೆಸಿದರು. ಮತ್ತೆ ಕುರ್ಚಿ. ಈ ಸಲ ಚಹಾ ಕೂಡ ಬಂತು, ಅವರದೇ ಥರದ ಲೋಟದಲ್ಲಿ. ನಾನು ಅಂದು ಬೆಳಿಗ್ಗೆ ನಾಲ್ಕರಿಂದ ನಿಂತೇ ಇದ್ದೆ. ಇನ್ನೊಬ್ಬಳ ಪಾಳಿಯೂ ನನ್ನ ಮೇಲೆ ಬಿದ್ದಿತ್ತು. ಬೆನ್ನು ಕುರ್ಚಿಗೆ ತಾಗಿದ್ದೇ ತಡ, ಮೈಯೊಳಗಿನ ಗಂಟೆಲ್ಲ ಸಡಿಲವಾಯಿತು. ಇವರು ಓದಿದವರು, ಕೇಳುವ ಮನಸ್ಸಿರುವವರು ಎನಿಸಿತು. ಪಾಸ್ಕುವಿನಂಥವರು ಮೊದಲಿನಿಂದಲೂ ಇದ್ದಾರೆ, ನಮ್ಮಲ್ಲಿ ಅವರಿಗೊಂದು ಮರ್ಯಾದೆ ಇದೆ ಎಂದು ತಿಳಿದರೆ ಇವರೂ ಮಗುವನ್ನು ಮರ್ಯಾದೆಯಿಂದ ಮುಟ್ಟಬಹುದು ಎನಿಸಿತು. ಹಡಗಿನ ಕತೆ, ಹಾಯಿಬಟ್ಟೆಯ ಕೌದಿ, ಮೂರು ಹೂ, ಎಲ್ಲ ಹೇಳಿಬಿಟ್ಟೆ.

ಅವರು ಪೆನ್ನು ತೆಗೆದರು. "ಇಂಥ ಕೌದಿ ಇನ್ನೂ ಎಷ್ಟು ಮನೆಯಲ್ಲಿವೆ?"

"ನಾನು ಕಂಡದ್ದು ಇನ್ನೆರಡು, ಸಾರ್."

"ಬೇಲಿ ಮೇಲೆ ಹಾಕಿರ್ತಾರಾ?"

"ಬಿಸಿಲಿದ್ದರೆ ಹಾಕ್ತಾರೆ."

"ಒಳ್ಳೆಯದು," ಎಂದು ಬರೆದುಕೊಂಡರು. "ಹಡಗು ನಿಮ್ಮ ಜನರನ್ನು ಎಲ್ಲೆಲ್ಲಿ ಇಳಿಸಿತೋ ಅಲ್ಲೆಲ್ಲ ಇಂಥವರ ಬಗ್ಗೆ ಬರೆದಿದ್ದಾರಮ್ಮ. ನಾನೂ ಬರೀತಿದ್ದೀನಿ. ಶುಕ್ರವಾರ ಜೀಪು ತಗೊಂಡು ನಿಮ್ಮ ಕೇರಿಗೆ ಬರ್ತೀನಿ. ಎಲ್ಲರನ್ನೂ ಪರೀಕ್ಷೆ ಮಾಡೋಣ."

ವಾರ್ಡಿಗೆ ಬಂದರೆ ಪಾಸ್ಕು ಕೌದಿಯನ್ನು ಕತ್ತಿನವರೆಗೆ ಎಳೆದುಕೊಂಡು ಕೂತಿತ್ತು. "ಅಮ್ಮಾ, ಹರ್ನಿಯಾ ತೆಗೆಯೋಕೆ ಫೋಟೋ ಯಾಕೆ ತೆಗೀತಾರೆ?" ಎಂದು ಕೇಳಿತು. ಏನೋ ಪುಸ್ತಕಕ್ಕಿರಬೇಕು ಎಂದೆ. "ಮುಖದ್ದಲ್ಲ," ಎಂದಿತು. ಅಂದು ಸಂಜೆ ನಾನು ಇಸ್ತ್ರಿ ಮಾಡಿದ ಒಂದು ಕೋಟೂ ನೆಟ್ಟಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆ ಕೋಟುಗಳನ್ನು ಕೊಡಲು ಡಾಕ್ಟರರ ಕೋಣೆಗೆ ಹೋದೆ. ಅವರಿರಲಿಲ್ಲ. ಮೇಜಿನ ಮೇಲೆ ದಪ್ಪ ಹಾಳೆಯ ಆಲ್ಬಮ್ ತೆರೆದಿತ್ತು. ಎಡಗಡೆ ಒಂದು ಚಿತ್ರ. ಕತ್ತಿನಿಂದ ಮೇಲೆ ಇರಲಿಲ್ಲ. ಕಪ್ಪು ಮೈಯೊಂದು ಬಿಳಿ ಚಾದರದ ಮೇಲೆ ಕಾಲು ಅಗಲಿಸಿ ಮಲಗಿತ್ತು, ಪಕ್ಕದಲ್ಲಿ ಅಳತೆಪಟ್ಟಿ. ನನ್ನ ಮಗುವೆಂದು ನನಗೆ ಮೊದಲು ಗೊತ್ತಾಗಲಿಲ್ಲ. ಚಾದರದ ಮೂಲೆಯ ನಂಬರು ಕಂಡಿತು. ೪೭. ನಾಲ್ಕರ ಬಾಲ ಉದ್ದ. ಆ ಚಾದರವನ್ನು ಭಾನುವಾರ ಪಾಸ್ಕುವಿನ ಮಂಚಕ್ಕೆ ಹಾಸಿದವಳು ನಾನೇ, ಚೆನ್ನಾಗಿ ಒಗೆದದ್ದು ಇರಲಿ ಎಂದು ಆರಿಸಿ.

ಹಾಳೆ ತಿರುವಿದೆ. ಪ್ರತಿ ಹಾಳೆಯಲ್ಲೂ ಎರಡೆರಡು ಚಿತ್ರ. ಎಡಗಡೆ ಮೊದಲಿನದು, ಬಲಗಡೆ ಆಮೇಲಿನದು. ಆಮೇಲಿನವುಗಳಲ್ಲಿ ಹೊಲಿಗೆಯಿತ್ತು. ಯಾವುದಕ್ಕೂ ಮುಖವಿರಲಿಲ್ಲ. ಎಲ್ಲ ಚಾದರಗಳ ಮೇಲೂ ನನ್ನದೇ ಅಕ್ಷರ. ಈ ಕಲೆಗಳನ್ನೆಲ್ಲ ಕುದಿಸಿ ತೆಗೆದ ಕೈ ಇದೇ. ಮತ್ತೆ ಪಾಸ್ಕುವಿನ ಹಾಳೆಗೆ ಬಂದೆ. ಬಲಗಡೆ ಖಾಲಿ. ಆದರೆ ಚಿತ್ರ ಸಿಕ್ಕಿಸಲು ಕಾಗದದ ಪುಟ್ಟ ಮುಮ್ಮೂಲೆಗಳನ್ನು ಆಗಲೇ ಅಂಟಿಸಿಯಾಗಿತ್ತು. ನಾಲ್ಕು ಮೂಲೆಗೆ ನಾಲ್ಕು.

ಸಿಸ್ಟರ್ ತೆಕ್ಲಾ ಔಷಧಿ ಕೋಣೆಯಲ್ಲಿ ಬಾಟಲಿ ಎಣಿಸುತ್ತಿದ್ದರು.

"ಹರ್ನಿಯಾ ತಾನೆ, ಸಿಸ್ಟರ್?"

ಅವರು ತಿರುಗಲಿಲ್ಲ. "ಕಾಗದದ ಮೇಲೆ ಹಾಗೇ ಇದೆ."

"ಒಳಗೆ?"

"ತೆಗೆಯೋದನ್ನ ತೆಗೀತಾರೆ. ಕತ್ತರಿಸೋದನ್ನ ಕತ್ತರಿಸ್ತಾರೆ. ಹುಡುಗಿ ಹಾಗೆ ಕಾಣಬೇಕಲ್ಲ."

"ಯಾರಿಗೆ ಕಾಣಬೇಕು?"

ಬಾಟಲಿ ಎಣಿಸುವುದು ನಿಂತಿತು. "ಮೊದಲು ಮಾಡಿಸಿಕೊಂಡವರು ಮಾತ್ರೆಗೆ ಬರ್ತಾರೆ. ಬದುಕಿರೋವರೆಗೂ ಬರಬೇಕು. ಅದರಲ್ಲಿ ಒಂದು ಮಗು ನನ್ನ ಹತ್ತಿರ ಕೇಳಿತು, ನನ್ನಿಂದ ಏನು ತಗೊಂಡ್ರಿ ಅಂತ." ಅವರು ಕೈ ಒರೆಸಿಕೊಂಡರು. "ಬಟ್ಟೆಮನೆಯ ಹಿಂದಿನ ಗೇಟು ಹನ್ನೆರಡರಿಂದ ಒಂದರವರೆಗೆ ತೆರೆದಿರುತ್ತೆ. ನಿಂಗೇ ಗೊತ್ತಿರೋ ವಿಷಯ, ನಾನೇನು ಹೇಳಿದ್ದಲ್ಲ."

ಹನ್ನೆರಡೂಕಾಲಿಗೆ ಪಾಸ್ಕುವಿನ ಕೈ ಹಿಡಿದು ಆ ಗೇಟಿನಿಂದ ಹೊರಬಿದ್ದೆ. ಕೌದಿಯನ್ನು ಒಗೆಯುವ ಬಟ್ಟೆಯಂತೆ ಗಂಟು ಕಟ್ಟಿ ತಲೆಯ ಮೇಲೆ ಹೊತ್ತಿದ್ದೆ. ಕಾವಲುಗಾರ ನೋಡಿದ, ಗಂಟು ಹೊತ್ತ ನನ್ನನ್ನು ದಿನವೂ ನೋಡುವವನು. ಬಸ್ಸಿನಲ್ಲಿ ಪಾಸ್ಕು ಕೇಳಿದ್ದು ಒಂದೇ ಮಾತು: "ಹಾಸ್ಟೆಲ್ಲು?"

ನಾನು ಕಿಟಕಿಯ ಹೊರಗೆ ನೋಡಿದೆ. ಪಾಸ್ಕುವಿಗೆ ಅರ್ಥವಾಯಿತು.

ಮಾಂಯ್ ಅಂಗಳದಲ್ಲಿ ಒಂದು ಕೌದಿಯ ಹೊಟ್ಟೆ ಮುಚ್ಚುತ್ತಿದ್ದಳು. ಬೆರಳ ತುದಿಯಲ್ಲಿ ಅಕ್ಕಿಕಾಳು. ನಾನು ಆಸ್ಪತ್ರೆಯದೆಲ್ಲ ಹೇಳುವವರೆಗೂ ಸೂಜಿ ಓಡುತ್ತಲೇ ಇತ್ತು. ಶುಕ್ರವಾರದ ಜೀಪಿನ ಮಾತು ಬಂದಾಗ ನಿಂತಿತು.

"ಬೇಲಿ ನೋಡೋಕೆ ಬರ್ತಾನಾ? ಅವನಿಗೆ ಬೇಲಿಯ ವಿಷಯ ಯಾರು ಹೇಳಿದ್ದು?"

"ನಾನು, ಮಾಂಯ್."

ಅವಳು ಅಕ್ಕಿಕಾಳುಗಳನ್ನು ಒಂದೊಂದಾಗಿ ಮತ್ತೆ ತೆಂಗಿನ ಗೆರಟೆಗೆ ಹಾಕಿದಳು. "ಕೊರಡೆ ಏಟು ತಿಂದವರು ಹೇಳಿರಲಿಲ್ಲ. ನೀನು ಒಂದು ಲೋಟ ಚಹಾಕ್ಕೆ ಹೇಳಿದೆ."

ಅಂದು ಅಳುವುದಕ್ಕೂ ಬಿಡುವಿರಲಿಲ್ಲ. ಮೂರು ಹೂವಿನ ಕೌದಿಗಳನ್ನು ಅಡಗಿಸಿಡೋಣ ಎಂದೆ. ಮಾಂಯ್ ತಲೆಯಾಡಿಸಿದಳು. "ಅಡಗಿಸಿದ್ದನ್ನ ಹುಡುಕ್ತಾರೆ. ಮನೆ ಹೊಕ್ಕು ಹುಡುಕ್ತಾರೆ. ಕಣ್ಣೆದುರೇ ಇರಲಿ." ಮರುದಿನ ಬೆಳಗಾಗುತ್ತಲೇ ಅವಳು ಬ್ಲೇಡು ಹಿಡಿದು ಮನೆಮನೆಗೆ ಹೊರಟಳು. ನಾನು ಹಿಂದೆ. ಪ್ರತಿ ಮನೆಯ ಮುಂದೆಯೂ ಒಂದೇ ಮಾತು: "ಕೌದಿ ತೆಗಿ. ಒಂದು ಹೂ ಬಿಚ್ಚು."

ಮೂಲೆಮನೆಯ ಲುಯಿಜಾ ಜಗಳಕ್ಕೇ ನಿಂತಳು. "ಮಗಳ ಮದುವೆಗೆ ಹೊಲಿದದ್ದು, ಮಾಂಯ್! ಬೆತ್ತಲೆ ಕೌದಿ ಹೊತ್ತು ಗಂಡನ ಮನೆಗೆ ಹೋಗ್ತದಾ ಅದು?"

"ಕೌದಿ ಬೆತ್ತಲೆಯಾದರೆ ನಾಳೆ ಹೊಲಿಯಬಹುದು," ಎಂದಳು ಮಾಂಯ್. "ಮಗುವನ್ನ ಬೆತ್ತಲೆ ಮಾಡ್ತಾರಲ್ಲ, ಅದನ್ನ ಯಾವ ದಾರದಲ್ಲಿ ಹೊಲೀತೀಯೆ?"

ಲುಯಿಜಾ ನನ್ನ ಕಡೆ ತಿರುಗಿದಳು. "ನಿನ್ನ ಬಾಯಿಗೆ ನಾಲ್ಕು ಹೊಲಿಗೆ ಹಾಕಿದ್ರೆ ಇವತ್ತು ಊರೆಲ್ಲ ಬಿಚ್ಚೋದಿರ್ಲಿಲ್ಲ," ಎಂದಳು. ಎಂದವಳೇ ಕೂತು, ಹಲ್ಲಿನಿಂದಲೇ ದಾರ ಕಚ್ಚಿ ಹೂ ಬಿಚ್ಚಿ ನನ್ನ ಮಡಿಲಿಗೆ ಎಸೆದಳು. ಸಂಜೆಯ ಹೊತ್ತಿಗೆ ನನ್ನ ಮಡಿಲು ಕೆಂಪು, ಹಳದಿ, ನೀಲಿ ಮುಮ್ಮೂಲೆಗಳಿಂದ ತುಂಬಿತ್ತು. ಒಂದೊಂದೂ ಹಗುರ. ಒಟ್ಟಿಗೆ ಹೊತ್ತು ಏಳಲು ಆಗಲಿಲ್ಲ.

ಶುಕ್ರವಾರ ಬಿಸಿಲು ಚೆನ್ನಾಗಿತ್ತು. ಜೀಪಿನ ಸದ್ದು ತಿರುವಿನಲ್ಲಿ ಕೇಳಿದಾಗ ಮಾಂಯ್ ನನ್ನನ್ನು ಒಳಗೆ ತಳ್ಳಿದಳು. ಪಾಸ್ಕುವನ್ನು ಕಾಡಿನ ದಾರಿಯಲ್ಲಿ ಕಳಿಸುವುದೆಂದು ಮಾತಾಗಿತ್ತು. ಆದರೆ ಜೀಪು ನಾವೆಣಿಸಿದ್ದಕ್ಕಿಂತ ಬೇಗ ಬಂದಿತ್ತು, ಪಾಸ್ಕು ನೀರಿಗೆ ಹೋಗಿತ್ತು. ಬಿದಿರ ತಟ್ಟಿಯ ಸಂದಿಗೆ ಕಣ್ಣಿಟ್ಟು ನಾನು ನೋಡುತ್ತಿದ್ದೆ.

ಡಾಕ್ಟರು ಇಳಿದರು. ಜೊತೆಗೆ ಡ್ರೈವರ್ ಮಾತ್ರ. ಸಿಸ್ಟರ್ ತೆಕ್ಲಾ ಜ್ವರವೆಂದು ಬರಲಿಲ್ಲವೆಂದು ಆಮೇಲೆ ತಿಳಿಯಿತು. ಡಾಕ್ಟರು ಮೊದಲ ಬೇಲಿಗೆ ಹೋದರು. ಮೂಲೆಗಳನ್ನು ಮುಟ್ಟಿ ನೋಡಿದರು. ಮುಖ ಅರಳಿತು. ಎರಡನೆಯ ಬೇಲಿ, ಮೂರನೆಯದು. ಹೆಜ್ಜೆ ನಿಧಾನವಾಯಿತು. ಕೇರಿಯ ಕೊನೆಯವರೆಗೂ ಬೇಲಿಗಳ ಮೇಲೆ ಕೌದಿಗಳು, ಪ್ರತಿಯೊಂದರಲ್ಲೂ ಮೂರು ಹೂ, ಒಂದು ಬೋಳು ಮೂಲೆ. ಅವರು ಪುಸ್ತಕ ತೆರೆದರು, ಮುಚ್ಚಿದರು.

"ಅಜ್ಜಿ, ಪಾಸ್ಕು ಅನ್ನೋ ಹುಡುಗಿಯ ಮನೆ ಯಾವುದು?"

"ಯಾವ ಪಾಸ್ಕು?" ಮಾಂಯ್ ಹೊಲಿಗೆಯಿಂದ ತಲೆಯೆತ್ತಲಿಲ್ಲ. "ಹಬ್ಬದ ವಾರ ಹುಟ್ಟಿದ್ದೆಲ್ಲ ಇಲ್ಲಿ ಪಾಸ್ಕುವೇ."

"ಆಸ್ಪತ್ರೆಯಿಂದ ಓಡಿ ಬಂದವಳು."

"ಇಲ್ಲಿ ಎಲ್ಲಾ ಮಕ್ಕಳೂ ಓಡ್ತವೆ, ಸಾಹೇಬ್ರೆ."

"ಅವಳು ಎಲ್ಲಿ ಹೋದಳು ಹೇಳಜ್ಜಿ. ಅವಳ ಒಳ್ಳೆಯದಕ್ಕೇ."

"ಅದು ಹೋಯ್ತು," ಎಂದಳು ಮಾಂಯ್.

ಆಗಲೇ ಪಾಸ್ಕು ಹಳ್ಳದ ದಾರಿಯಿಂದ ಬಂದದ್ದು. ಸೊಂಟದಲ್ಲಿ ಕೊಡ, ಮೊಣಕಾಲವರೆಗೆ ಒದ್ದೆ. ಜೀಪು ಕಂಡು ನಿಂತಿತು. ಓಡಬೇಡ, ಓಡಬೇಡ ಎಂದು ನಾನು ಒಳಗೇ ಕೂಗುತ್ತಿದ್ದೆ; ಓಡಿದ್ದರೆ ಗೊತ್ತಾಗಿಬಿಡುತ್ತಿತ್ತು. ಡಾಕ್ಟರು ತಿರುಗಿದರು. ಹಣೆಯ ಬೆವರೊರೆಸಿಕೊಂಡರು.

"ಸ್ವಲ್ಪ ನೀರು ಕೊಡ್ತೀಯಾ?"

ಪಾಸ್ಕು ಒಳಗೆ ಬಂದಿತು. ನನ್ನ ಕಡೆ ನೋಡಲಿಲ್ಲ. ಲೋಟ ತೊಳೆದು, ತುಂಬಿ, ಎರಡೂ ಕೈಯಲ್ಲಿ ಹಿಡಿದು ಹೋಗಿ ಕೊಟ್ಟಿತು. ಅವರು ಕುಡಿದರು. ಕುಡಿಯುತ್ತ ಮೊಳದ ದೂರದಿಂದ ಅದರ ಮುಖವನ್ನೇ ನೋಡಿದರು.

"ಪಾಸ್ಕು ಎಲ್ಲಿದ್ದಾಳೆ, ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ, ಸಾರ್," ಎಂದಿತು ಪಾಸ್ಕು. "ಇನ್ನೊಂದು ಲೋಟ ಬೇಕಾ?"

ನನ್ನ ಮಗುವಿನ ಮೈಯನ್ನು ಗೇಣು ಗೇಣು ಅಳೆದಿದ್ದ ಮನುಷ್ಯ ಬೇಡವೆಂದು ಖಾಲಿ ಲೋಟ ಹಿಂದಕ್ಕೆ ಕೊಟ್ಟ. ಜೀಪು ಹತ್ತುವಾಗ "ಮತ್ತೆ ಬರ್ತೀನಿ" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ರೌಂಡ್ಸು ಮುಗಿಸಿ ಮುಂದಿನ ಮಂಚಕ್ಕೆ ಹೋಗುವಾಗ ಹೇಳುವಂತೆ ಹೇಳಿದ. ನನಗೆ ಭಯವಾದದ್ದು ಅದಕ್ಕೇ.

ಬಂದ ಕೂಡ. ಅವನಾದ ಮೇಲೆ ಬೇರೆಯವರೂ ಬಂದರು. ಪ್ರತಿ ಸಲವೂ ಬೇಲಿಯ ಮೇಲೆ ಮೂರು ಮೂರೇ ಹೂ. ಬಿಚ್ಚಿದ ಹೂಗಳನ್ನು ತಿರುಗಿ ಹೊಲಿಯಲು ಮಾಂಯ್ ಬಿಡಲಿಲ್ಲ. ಈಗ ನಮ್ಮ ಕೇರಿಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಮೂರು ಹೂವಿನ ಕೌದಿಯೇ. ನಾಲ್ಕನೆಯದನ್ನು ದೊಡ್ಡದಾದ ಮೇಲೆ ಅದೇ ಹೊಲಿದುಕೊಳ್ಳುತ್ತದೆ. ಯಾವುದು ಯಾವ ಮಗು ಎಂದು ಬೇಲಿ ನೋಡಿದರೆ ನಮಗೂ ತಿಳಿಯುವುದಿಲ್ಲ.

ನಾನು ಆ ಆಸ್ಪತ್ರೆಗೆ ತಿರುಗಿ ಹೋಗಲಿಲ್ಲ. ಪಾಸ್ಕು ಯಾವ ಹಾಸ್ಟೆಲ್ಲಿಗೂ ಹೋಗಲಿಲ್ಲ. ಹಳ್ಳದ ದಾರಿಯಲ್ಲೇ ಓಡಿಕೊಂಡು ದೊಡ್ಡದಾಯಿತು. ಈಗ ಕೇರಿಯ ಮಕ್ಕಳಿಗೆ ಓಟ ಕಲಿಸುತ್ತದೆ. ಒಮ್ಮೆ ರೇಡಿಯೋದಲ್ಲಿ ಎಲ್ಲೋ ಸಮುದ್ರದಾಚೆಯ ಓಟಗಾರ್ತಿಯೊಬ್ಬಳ ಸುದ್ದಿ ಬಂತು. ಮೈಬಣ್ಣ ನಮ್ಮದೇ ಅಂತೆ. ಎಲ್ಲರನ್ನೂ ಹಿಂದೆ ಹಾಕಿದಳಂತೆ. ನೀನು ಹೆಣ್ಣೇ ಹೌದೋ ಎಂದು ತಡೆದು ಪರೀಕ್ಷೆಗೆ ಕಳಿಸಿದರಂತೆ. ಪಾಸ್ಕು ಕಟ್ಟಿಕೊಳ್ಳುತ್ತಿದ್ದ ಬೂಟಿನ ದಾರವನ್ನು ಹಾಗೇ ಹಿಡಿದು ಕೊನೆಯವರೆಗೂ ಕೇಳಿತು. ಆಮೇಲೆ ರೇಡಿಯೋ ಆರಿಸಿ, "ಅವಳಿಗೆ ಯಾರಾದ್ರೂ ಕೌದಿ ಹೊಲಿದಿದ್ರೋ ಇಲ್ವೋ," ಎಂದು ಹೊರಗೆ ಹೋಯಿತು.

ಆ ಆಲ್ಬಮ್ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಎಲ್ಲೋ ಒಂದು ಕಪಾಟಿನಲ್ಲಿ, ಉದ್ದ ಬಾಲದ ನಾಲ್ಕಿರುವ ಚಾದರದ ಪಕ್ಕ, ನಾಲ್ಕು ಕಾಗದದ ಮೂಲೆಗಳು ಒಂದು ಚಿತ್ರಕ್ಕಾಗಿ ಇನ್ನೂ ಕಾಯುತ್ತಿರಬೇಕು. ತಿರುವಿನಲ್ಲಿ ಗಾಡಿಯ ಸದ್ದಾದರೆ ಇಂದಿಗೂ ನನ್ನ ಕೈ ಮೊದಲು ಹೋಗುವುದು ಕೌದಿಗೆ.

ಮಾಂಯ್ ಸಾಯುವ ಮುಂಚೆ ಅದರ ಬೋಳು ಮೂಲೆಗೆ ಒಂದು ಸೂಜಿ ಚುಚ್ಚಿಟ್ಟು ಹೋದಳು, ಪಾಸ್ಕುವಿಗೆಂದು. ಮಳೆಗಾಲದಲ್ಲಿ ಸೂಜಿ ತುಕ್ಕು ಹಿಡಿಯುತ್ತದೆ. ಹಿಡಿದಾಗಲೆಲ್ಲ ನಾನು ತೆಗೆದು ಹೊಸದನ್ನು ಚುಚ್ಚಿಡುತ್ತೇನೆ. ದಾರ ಮಾತ್ರ ಪೋಣಿಸುವುದಿಲ್ಲ.